ಕಡಲು ನುಂಗಿದ ಗದ್ದುಗೆ

ಯಾಂದೆ ಪೇಯ್ ಹುಡುಗಿಯಾಗಿದ್ದಾಗ ಅವಳ ತಾಯಿಯ ಮನೆಗೂ ಕಡಲಿಗೂ ನಡುವೆ ಒಂದು ಬೀದಿ, ಬೀದಿಯಾಚೆ ಒಂದು ಸಾಲು ಮನೆ, ಅದರಾಚೆ ದೋಣಿಗಳನ್ನು ಎಳೆದಿಡುವ ಅಗಲವಾದ ಮರಳ ದಂಡೆ ಇತ್ತು. ಅವಳ ಮದುವೆಯ ಹೊತ್ತಿಗೆ ದಂಡೆ ಕರಗಿತು. ಮಗ ಇಸ್ಸಾ ಹುಟ್ಟಿ ಓಡಾಡುವ ಹೊತ್ತಿಗೆ ಎದುರು ಸಾಲಿನ ಮನೆಗಳು ಒಂದೊಂದಾಗಿ ಬಿದ್ದವು. ಗಂಡ ತೀರಿಕೊಂಡ ವರ್ಷ ಬೀದಿಯೂ ಹೋಯಿತು. ರುಫಿಸ್ಕ್ ಪಟ್ಟಣದ ಹಳೇ ಕೇರಿಯ ಲೆಬು ಬೆಸ್ತರು ಇದನ್ನು ದೊಡ್ಡ ದನಿಯಲ್ಲಿ ಆಡುತ್ತಿರಲಿಲ್ಲ. ಅನ್ನ ಕೊಡುವ ಕಡಲನ್ನು ಬೈಯಲು ಅವರಿಗೆ ಬಾಯಿ ಬರುತ್ತಿರಲಿಲ್ಲ. "ನೀರು ಒಂಚೂರು ಮುಂದೆ ಬಂದಿದೆ" ಎನ್ನುತ್ತಿದ್ದರು, ಯಾರೋ ನೆಂಟರು ಬಂದ ಹಾಗೆ.

ಆ ಮನೆಯ ಅಂಗಳದಲ್ಲಿ ಬೇವಿನ ಮರದ ಬುಡಕ್ಕೆ ಗದ್ದುಗೆ ಇತ್ತು. ಗದ್ದುಗೆಯೆಂದರೆ ಬೋರಲು ಹಾಕಿ ಅರ್ಧ ಹೂತಿಟ್ಟ ಮಣ್ಣಿನ ಮಡಕೆಗಳು, ಅವುಗಳ ಮಗ್ಗುಲಿಗೆ ಬಾಯಿ ಮೇಲಾಗಿ ಇಟ್ಟ ಒಂದು ನೀರಿನ ಮಡಕೆ, ಅದರೊಳಗೆ ನೆನೆಯುತ್ತಿದ್ದ ಬೇರುಗಳು. ಅಲ್ಲಿ ಸೀರಜ್ಜಿ ಇದ್ದಳು. ಪೇಯ್ ಮನೆತನದ ಮೊದಲ ಹೆಂಗಸು ಈ ದಂಡೆಗೆ ಬಂದು ಒಲೆ ಹೂಡಿದಾಗ ಸೀರಜ್ಜಿ ಆಗಲೇ ಅಲ್ಲಿದ್ದಳಂತೆ. ಅಂಥವರಿಗೆ ಲೆಬು ಜನ ರಾಬ್ ಎನ್ನುತ್ತಾರೆ. ಅವರು ಸತ್ತವರಲ್ಲ, ಹುಟ್ಟಿದವರೂ ಅಲ್ಲ. ಮನುಷ್ಯರ ಜೊತೆ ಒಪ್ಪಂದ ಮಾಡಿಕೊಂಡು ಪಕ್ಕದಲ್ಲೇ ಬದುಕುವವರು. ಸೋಮವಾರ, ಗುರುವಾರ ಅವರಿಗೆ ಮೊಸರು, ಸಜ್ಜೆ ಹಿಟ್ಟು ಸಲ್ಲಬೇಕು. ಸಂದರೆ ಮನೆಯ ಮಕ್ಕಳು ಕಡಲಿಗೆ ಹೋಗಿ ಮರಳಿ ಬರುತ್ತಾರೆ.

ಆ ಮೊಸರು ಇಡುವ ಕೈ ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು. ತಾಯಿ ಅರಾಮೆ ಸಾಯುವ ಮುಂಚೆ ಯಾಂದೆಯನ್ನು ಕರೆದು ಅವಳ ಅಂಗೈಯನ್ನು ಆ ನೀರಿನ ಮಡಕೆಯಲ್ಲಿ ಅದ್ದಿಸಿದಳು. "ಇನ್ನು ನೀನು" ಅಂದಳು, ಅಷ್ಟೇ. ಯಾಂದೆ ಗಂಡನನ್ನೂ ಮಗನನ್ನೂ ಕರೆದುಕೊಂಡು ತವರಿಗೇ ಬಂದು ಬೀಡುಬಿಟ್ಟಳು. ಬೆಳಿಗ್ಗೆ ಮೀನು ಸೀಳಿ ಉಪ್ಪು ಹಾಕುವುದು, ಮಧ್ಯಾಹ್ನ ಹೊಗೆ ಹಾಕಿ ಒಣಗಿಸುವುದು, ಐದು ಹೊತ್ತೂ ನಮಾಜು, ವಾರಕ್ಕೆರಡು ಸಲ ಮೊಸರು. ಇದರಲ್ಲಿ ಯಾವುದನ್ನೂ ಅವಳು ಇನ್ನೊಂದಕ್ಕೆ ಎದುರು ನಿಲ್ಲಿಸಿ ನೋಡಿದವಳಲ್ಲ.

ನಿಲ್ಲಿಸಿ ನೋಡುತ್ತಿದ್ದವನು ಅವಳ ಅಣ್ಣ ಮದೂನ್. ಮೆಕ್ಕಾಕ್ಕೆ ಹೋಗಿ ಬಂದ ಮೇಲೆ ಊರಿನವರು ಅವನನ್ನು ಹಾಜಿ ಎಂದೇ ಕರೆಯುತ್ತಿದ್ದರು. ಕೇರಿಯ ಮಸೀದಿಯಲ್ಲಿ ಬಾಂಗ್ ಕೂಗುವವನು ಅವನೇ. ಒಳ್ಳೆಯ ಕಂಠ, ಗಟ್ಟಿ ಹಟ.

"ಕಲ್ಲಿಗೆ ಮೊಸರು ಕುಡಿಸ್ತೀಯಲ್ಲೇ, ಕಲ್ಲು ಎಲ್ಲಾದ್ರೂ ದಪ್ಪ ಆಯ್ತಾ?" ಎಂದು ಅವನು ಅಂಗಳದಲ್ಲಿ ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡುತ್ತ ಕೇಳುತ್ತಿದ್ದ.

"ಕಲ್ಲಲ್ಲ ಅಣ್ಣಾ, ಮಡಕೆ. ಮೆಕ್ಕಾಕ್ಕೆ ಹೋಗಿ ಬಂದ್ರೂ ನಿನ್ ಕಣ್ಣು ಸರಿಯಾಗ್ಲಿಲ್ಲ" ಎಂದು ಯಾಂದೆ ಬಗ್ಗಿದ ಬೆನ್ನನ್ನು ಎತ್ತದೆಯೇ ಹೇಳುತ್ತಿದ್ದಳು.

ಬೈದಾಟವೇನೋ ನಗೆಯಲ್ಲೇ ಮುಗಿಯುತ್ತಿತ್ತು. ಆದರೆ ಮದೂನ್ ಮಾತ್ರ ಗದ್ದುಗೆಯ ಪಕ್ಕ ಹಾಯುವಾಗ ಅದನ್ನು ಎಡಕ್ಕೆ ಬಿಟ್ಟು ಬಳಸಿಯೇ ನಡೆಯುತ್ತಿದ್ದ. ಹೆಜ್ಜೆ ತಾಗದ ಹಾಗೆ.

ಪಕ್ಕದ ಗೋಡೆಗೆ ಅಂಟಿಕೊಂಡ ಮನೆ ಕೊದು ಎನ್‌ದೋಯ್ ಎಂಬವಳದು. ಯಾಂದೆಯ ಜೊತೆಗೇ ಬೆಳೆದವಳು, ಜೊತೆಗೇ ಮೀನು ಒಣಗಿಸಿದವಳು. ಅವಳ ಗಂಡುಮಕ್ಕಳು ಒಂದು ದಿನ ಊರಿನ ಇನ್ನೂ ಹಲವು ಹುಡುಗರ ಜೊತೆ ದೊಡ್ಡ ದೋಣಿಯೊಂದನ್ನು ಹತ್ತಿ ಸ್ಪೇನಿನ ದ್ವೀಪಗಳ ಕಡೆ ಹೊರಟರು. ಆ ದೋಣಿಯಿಂದ ಒಂದು ಫೋನೂ ಬರಲಿಲ್ಲ, ಒಂದು ಹೆಣವೂ ಬರಲಿಲ್ಲ. ಕೊದು ಅಳಲಿಲ್ಲ. ಊಟದ ಬೋಗುಣಿಯಲ್ಲಿ ಅವರ ಪಾಲಿನ ಅನ್ನವನ್ನು ಒಂದು ಬದಿಗೆ ಸರಿಸಿಟ್ಟು ತನ್ನ ಬದಿಯಿಂದಷ್ಟೇ ಉಣ್ಣುತ್ತಿದ್ದಳು. ಆ ಪಾಲೂ ದಿನದಿಂದ ದಿನಕ್ಕೆ ಚಿಕ್ಕದಾಗಿ, ಕೊನೆಗೆ ಅವಳು ಏಳಲಾರದೆ ಹಾಸಿಗೆ ಹಿಡಿದಳು.

"ಯಾಂದೆ, ನಮ್ ಅಂಗಳದವನಿಗೂ ಒಂದು ಬಟ್ಟಲು ಇಟ್ಬಿಡೇ" ಎಂದಳು ಕೊದು ಒಂದು ಗುರುವಾರ. "ನಾನು ಏಳಕ್ಕಾಗಲ್ಲ. ಹಸ್ಕೊಂಡಿರ್ತಾನೆ."

ಕೊದುವಿನ ಅಂಗಳದಲ್ಲೂ ಮಡಕೆಗಳಿದ್ದವು. ಪ್ರತಿ ಹಳೇ ಮನೆಯಲ್ಲೂ ಇದ್ದವು. ಒಬ್ಬರ ಮನೆಯ ರಾಬ್‌ನ ಹೆಸರನ್ನು ಇನ್ನೊಬ್ಬರು ಕೇಳುವ ವಾಡಿಕೆಯಿಲ್ಲ. ಯಾಂದೆ ಕೇಳಲಿಲ್ಲ. ತನ್ನ ಗದ್ದುಗೆಗೆ ಇಟ್ಟು ಉಳಿದದ್ದನ್ನು ತಗ್ಗು ಗೋಡೆಯ ಮೇಲಿಂದ ಆಚೆಗೆ ದಾಟಿಸಿ ಕೊದುವಿನ ಮಡಕೆಯ ಮೇಲೂ ಸುರಿದಳು. ಕೊದು ಸಾಯುವವರೆಗೂ ಸುರಿದಳು. ಸತ್ತ ಮೇಲೂ ಕೆಲವು ಕಾಲ ಸುರಿದಳು. ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಕಡಲು ಎದ್ದು ಬಂದು ಕೊದುವಿನ ಮನೆಯನ್ನು ಅಂಗಳದ ಸಮೇತ ಎಳೆದುಕೊಂಡು ಹೋಯಿತು. ಸುರಿಯಲು ಜಾಗವೇ ಇಲ್ಲವಾಯಿತು. ಯಾಂದೆ ತಗ್ಗು ಗೋಡೆಯ ಬಳಿ ನಿಂತಾಗ ಗೋಡೆಯ ಆಚೆ ನೇರ ನೀರು.

ಅದಾದ ಮೇಲೆ ಸರ್ಕಾರದವರು ಬಂದು ಒಳನಾಡಿನಲ್ಲಿ, ಹೆದ್ದಾರಿಯಾಚೆಯ ಬಯಲಲ್ಲಿ, ಜಾಗ ಕೊಟ್ಟರು. ಇಸ್ಸಾ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಅದೇ ವ್ಯಾನಿನಲ್ಲಿ ಮಂಚ, ಪಾತ್ರೆ, ಕುರಿ, ಬಾಗಿಲು, ಕಿಟಕಿಯ ಚೌಕಟ್ಟು ಎಲ್ಲವನ್ನೂ ಸಾಗಿಸಿದರು. ಗದ್ದುಗೆಯ ಮಾತು ಬಂದಾಗ ಮದೂನ್ ವ್ಯಾನಿನ ಬಾಗಿಲಿಗೆ ಅಡ್ಡ ನಿಂತ.

"ಅದೊಂದು ಇಲ್ಲೇ ಇರ್ಲಿ."

"ಅಣ್ಣಾ, ಅವಳನ್ನ ಬಿಟ್ಟು ಹೇಗೆ ಹೋಗೋದು?"

"ನಡೆಯೋಕೆ ಬಂದ್ರೆ ತಾನೇ ನಡ್ಕೊಂಡು ಬರ್ತಾಳೆ. ನಾನು ಮನೆ ಯಜಮಾನ. ಹೊಸ ಮನೇಲಿ ಅಲ್ಲಾಹನ ಹೆಸರೊಂದೇ ಇರ್ಬೇಕು."

ರಾಬ್ ಅನ್ನು ಸುಮ್ಮನೆ ಎತ್ತಿಕೊಂಡು ಹೋಗುವ ಹಾಗಿಲ್ಲ. ನಗಾರಿ ಸೇವೆ ಆಗಬೇಕು, ಮೇಕೆ ಬೀಳಬೇಕು, ಮನೆಯ ಹಿರಿಯ ಗಂಡಸು ಒಪ್ಪಬೇಕು. ಯಾಂದೆ ಮಡಕೆಗಳ ಮುಂದೆ ಕೂತಿದ್ದು, ಕೊನೆಗೆ ಕೈಗೆ ಹತ್ತಿದ ಬೇವಿನ ಬುಡದ ಮಣ್ಣನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

ಆಮೇಲೆ ಪ್ರತಿ ಸೋಮವಾರ, ಗುರುವಾರ ಅವಳು ವ್ಯಾನು ಹತ್ತಿ ಹಳೇ ಮನೆಗೆ ಬರುತ್ತಿದ್ದಳು. ಮಾಡು ಇಲ್ಲದ, ಬಾಗಿಲಿಲ್ಲದ ಮನೆ. ಅಂಗಳದ ಬಿಸಿಲಲ್ಲಿ ಮಡಕೆಗಳು ಮಾತ್ರ ಹಾಗೇ ಇದ್ದವು. ಮೊಸರು ಇಟ್ಟು, ಬೇವಿನ ಎಲೆ ಗುಡಿಸಿ, ಸ್ವಲ್ಪ ಹೊತ್ತು ಮಾತಾಡಿ ಮರಳುತ್ತಿದ್ದಳು. ಒಂದು ಗುರುವಾರ ಬಂದಾಗ ಅಂಗಳವಿರಲಿಲ್ಲ. ಬೇವಿನ ಮರ ಬೇರು ಮೇಲಾಗಿ ನೀರಿನಲ್ಲಿ ಬಿದ್ದಿತ್ತು, ಅದರ ಹಸಿರೆಲೆ ಇನ್ನೂ ಬಾಡಿರಲಿಲ್ಲ. ಮಡಕೆಗಳಿದ್ದ ಕಡೆ ಅಲೆ ಬಂದು ನೊರೆ ಬಿಟ್ಟು ಹೋಗುತ್ತಿತ್ತು.

ಯಾಂದೆ ಬಟ್ಟಲು ಹಿಡಿದು ತುಂಬ ಹೊತ್ತು ನಿಂತಳು. "ಸೀರಜ್ಜೀ" ಎಂದು ಒಮ್ಮೆ ಕೂಗಿದಳು. ಮೊಸರನ್ನು ಅಲೆಯ ಮೇಲೆ ಸುರಿದಳು. ಅದು ನೊರೆಯೊಳಗೆ ಬೆರೆತು ಯಾವುದು ಮೊಸರು, ಯಾವುದು ನೊರೆ ತಿಳಿಯಲಿಲ್ಲ.

ಹೊಸ ಮನೆಯಲ್ಲಿ ಕಡಲಿನ ಸದ್ದು ಕೇಳುತ್ತಿರಲಿಲ್ಲ. ಮೊದಮೊದಲು ಯಾಂದೆಗೆ ಅದಕ್ಕೇ ನಿದ್ದೆ ಬರಲಿಲ್ಲ. ಹುಟ್ಟಿದಾಗಿನಿಂದ ಕಿವಿಯೊಳಗೆ ಇದ್ದ ಸದ್ದು ನಿಂತುಹೋಗಿ, ಆ ಜಾಗ ಖಾಲಿಯಾಗಿತ್ತು. ಆ ಖಾಲಿಯೊಳಗೆ ಬೇರೆ ಸದ್ದುಗಳು ಬಂದು ಕೂರತೊಡಗಿದವು.

ಮೊದಲು ನೀರು. ಕುಡಿಯುವ ನೀರಿನ ಮಡಕೆ ಅಡುಗೆಮನೆಯ ಮೂಲೆಯಲ್ಲಿತ್ತು. ಸಂಜೆ ನಲ್ಲಿಯಿಂದ ತುಂಬಿಸಿದ ನೀರು ಬೆಳಗಾಗುವಷ್ಟರಲ್ಲಿ ಉಪ್ಪಾಗಿರುತ್ತಿತ್ತು. ಇಸ್ಸಾನ ಹೆಂಡತಿ ದಾಬಾ ಪಟ್ಟಣದಲ್ಲಿ ಓದಿದವಳು, ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು, ಚುರುಕು ಮಾತಿನ ಹುಡುಗಿ.

"ಅತ್ತೆ, ಮೀನಿನ ಉಪ್ಪು ಕೈಲೇ ಇಟ್ಕೊಂಡು ನೀರು ತುಂಬಿಸ್ತೀರಲ್ಲ, ಅದಕ್ಕೇ" ಎಂದು ಅವಳು ನಕ್ಕಳು.

ಯಾಂದೆ ಕೈ ತೊಳೆದು ತುಂಬಿಸಿದಳು. ಆಮೇಲೆ ದಾಬಾಳೇ ತುಂಬಿಸಿದಳು. ನೀರು ಉಪ್ಪೇ.

ಆಮೇಲೆ ಕುರಿಗಳು. ಅಂಗಳದ ಪಡುವಣ ಮೂಲೆಯಲ್ಲಿ ಒಳ್ಳೆಯ ನೆರಳಿದ್ದರೂ ಒಂದು ಕುರಿಯೂ ಅಲ್ಲಿ ಮಲಗುತ್ತಿರಲಿಲ್ಲ. ಬಿಸಿಲಲ್ಲಿ ನಾಲಿಗೆ ಚಾಚಿಕೊಂಡು ನಿಂತು ಆ ಮೂಲೆಯನ್ನೇ ನೋಡುತ್ತಿದ್ದವು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾಂದೆ ಅಂಗಳ ಗುಡಿಸಿ ಹಿಂತಿರುಗಿ ನೋಡಿದಾಗ ಗೇಟಿನಿಂದ ಆ ಮೂಲೆಯವರೆಗೆ ಒದ್ದೆ ಹೆಜ್ಜೆಗಳು ಮೂಡಿದ್ದವು. ಮನೆಯಲ್ಲಿ ಯಾರೂ ಸ್ನಾನ ಮಾಡಿರಲಿಲ್ಲ. ಹೆಜ್ಜೆ ಒಳಗೆ ಬಂದಿದ್ದವು, ಹೊರಗೆ ಹೋಗಿರಲಿಲ್ಲ. ಅವಳು ಬಗ್ಗಿ ಒದ್ದೆ ಮಣ್ಣನ್ನು ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟಳು. ಮತ್ತೆ ಪೊರಕೆ ತೆಗೆದುಕೊಂಡು ಅವನ್ನು ಅಳಿಸಿದಳು. ಯಾರಿಗೂ ಹೇಳಲಿಲ್ಲ.

ಅವಳ ಎದೆಯಲ್ಲಿ ಹೆದರಿಕೆಯ ಜೊತೆಗೆ ಒಂದು ಸಂತೋಷವೂ ಇತ್ತು ಎನ್ನುವುದನ್ನು ಹೇಳಬೇಕು. ಸೀರಜ್ಜಿ ಬಂದಿದ್ದಾಳೆ, ನಡೆದುಕೊಂಡೇ ಬಂದಿದ್ದಾಳೆ, ಹೆದ್ದಾರಿ ದಾಟಿ ಬಂದಿದ್ದಾಳೆ ಎಂದು ಅವಳು ಹಾಸಿಗೆಯಲ್ಲಿ ಮಲಗಿ ತನಗೆ ತಾನೇ ಹೇಳಿಕೊಂಡಳು. ಮಾರನೆಯ ದಿನ ಆ ಮೂಲೆಯಲ್ಲಿ ಕದ್ದು ಒಂದು ಬಟ್ಟಲು ಮೊಸರು ಇಟ್ಟಳು. ನೀರು ಎರಡು ದಿನ ಸಿಹಿಯಾಯಿತು, ಮತ್ತೆ ಉಪ್ಪಾಯಿತು.

ಅಷ್ಟರಲ್ಲಿ ದಾಬಾ ಬಸುರಿ. ಮೊದಲ ಬಸಿರು. ಬರಬರುತ್ತ ಅವಳ ಚುರುಕು ಮಾತು ಕಡಿಮೆಯಾಯಿತು. ಹೊಲಿಗೆ ಯಂತ್ರದ ಮುಂದೆ ಬಟ್ಟೆ ಇಟ್ಟುಕೊಂಡು ಕಾಲು ಆಡಿಸದೆ ಕೂತಿರುತ್ತಿದ್ದಳು.

"ಏನಾಯ್ತೇ?" ಎಂದು ಯಾಂದೆ ಕೇಳಿದಳು.

"ಅತ್ತೆ, ನಗಬೇಡಿ. ಮಧ್ಯಾಹ್ನ ಮಲಗಿದ್ರೆ ಯಾರೋ ಕಿವೀಲಿ ಕೇಳ್ತಾರೆ. 'ನನ್ ಮಡಕೆ ಎಲ್ಲಿ? ನನ್ ಮಡಕೆ ಎಲ್ಲಿ?' ಅಂತ. ಗಂಡಸಿನ ದನಿ. ನೀರು ಕುಡಿದು ಗಂಟಲು ಕಟ್ಟಿದೋರ ಹಾಗೆ."

"ಗಂಡಸಲ್ಲ ಕಣೇ" ಎಂದಳು ಯಾಂದೆ ತಕ್ಷಣ. "ಮುದುಕೀರ ದನಿ ಹಾಗೇ ಇರುತ್ತೆ."

ದಾಬಾ ಅತ್ತೆಯ ಮುಖವನ್ನೇ ನೋಡಿದಳು. "ಯಾವ ಮುದುಕಿ?"

ಯಾಂದೆ ಮಾತು ತಿರುಗಿಸಿದಳು.

ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಮದೂನ್ ಹಳೇ ಕೇರಿಯ ಮಸೀದಿಗೇ ಹೋಗುತ್ತಿದ್ದ. ಅದು ಇನ್ನೂ ನಿಂತಿತ್ತು. ಆ ಶುಕ್ರವಾರ ನಮಾಜು ಮುಗಿಸಿ ಹೊರಬಂದಾಗ ಸುಡು ಬಿಸಿಲಲ್ಲಿ ಯಾರೋ ಹೆಂಗಸು ಬರಿಗಾಲಲ್ಲಿ, ತಲೆಯ ಮೇಲೆ ಬಟ್ಟೆಯಿಲ್ಲದೆ, ಬಿದ್ದ ಮನೆಗಳ ಕಡೆ ನಡೆಯುತ್ತಿರುವುದು ಕಂಡಿತು. ಹೊಟ್ಟೆಯನ್ನು ನೋಡಿ ಗುರುತು ಹಿಡಿದ. ದಾಬಾ! ಕೂಗಿದ. ಅವಳು ತಿರುಗಲಿಲ್ಲ. ಅವನು ಚಪ್ಪಲಿ ಬಿಟ್ಟು ಓಡಿದ. ಅಷ್ಟರಲ್ಲಿ ಅವಳು ತಮ್ಮ ಹಳೇ ಅಂಗಳವಿದ್ದ ಕಡೆ ಸೊಂಟದವರೆಗೆ ನೀರಿಗೆ ಇಳಿದಿದ್ದಳು. ಅಲೆಯ ಕಡೆ ಮುಖ ಮಾಡಿ, ಎದುರಿಗೆ ಯಾರೋ ನಿಂತಿರುವ ಹಾಗೆ ತಲೆಯಾಡಿಸುತ್ತ ಏನೋ ಹೇಳುತ್ತಿದ್ದಳು. ಮದೂನ್ ಅವಳನ್ನು ರಟ್ಟೆ ಹಿಡಿದು ಎಳೆದು ತಂದ.

ವ್ಯಾನಿನಲ್ಲಿ ಮನೆಗೆ ಬಂದಾಗ ದಾಬಾಳಿಗೆ ಏನೂ ನೆನಪಿರಲಿಲ್ಲ. ಮದೂನ್‌ನ ಬಿಳಿ ನಿಲುವಂಗಿ ಎದೆಯವರೆಗೆ ಒದ್ದೆಯಾಗಿತ್ತು. ಇಸ್ಸಾ ಹೆಂಡತಿಯನ್ನು ಅಪ್ಪಿಕೊಂಡು ಅತ್ತ. ಆಸ್ಪತ್ರೆಗೆ ಕರೆದುಕೊಂಡು ಹೋದರು, ಮಗು ಚೆನ್ನಾಗಿದೆ ಎಂದರು, ಬಿಸಿಲಲ್ಲಿ ಓಡಾಡಬೇಡಿ ಎಂದು ಮಾತ್ರೆ ಕೊಟ್ಟರು.

"ಏನು ಮಾತಾಡ್ತಿದ್ಲು ಅಣ್ಣಾ, ನೀರಲ್ಲಿ?" ಎಂದು ಯಾಂದೆ ಕೇಳಿದಳು.

ಮದೂನ್ ಜಪಮಣಿಯನ್ನು ತಿರುಗಿಸುತ್ತ ಕೂತಿದ್ದ. ಬೆರಳು ಒಂದೇ ಮಣಿಯ ಮೇಲೆ ನಿಂತಿತು. "ಅಲೆ ಸದ್ದು. ಕೇಳಿಸ್ಲಿಲ್ಲ" ಎಂದ. ಅವನು ಸುಳ್ಳು ಹೇಳುವಾಗ ಮೂಗು ಉಜ್ಜಿಕೊಳ್ಳುತ್ತಾನೆ ಎನ್ನುವುದು ತಂಗಿಗೆ ಗೊತ್ತಿತ್ತು. ಮೂಗು ಉಜ್ಜಿಕೊಂಡ.

ಯಾಂದೆ ಸೆಲ್ಬೆ ಅಜ್ಜಿಯನ್ನು ಕರೆಸಿದಳು. ನಗಾರಿ ಸೇವೆ ನಡೆಸುವ ಹೆಂಗಸರಲ್ಲಿ ಅವಳೇ ಹಿರಿಯಳು. ಕೊರಳ ತುಂಬ ಕವಡೆ ಸರ, ಬಾಯಿ ತುಂಬ ಅಡಿಕೆಯ ಹಾಗೆ ಅಗಿಯುವ ಕೋಲಾ ಕಾಯಿ, ಎರಡು ಮೊಣಕಾಲೂ ನೋವು. ಅಂಗಳಕ್ಕೆ ಕಾಲಿಡುತ್ತಿದ್ದಂತೆಯೇ ಪಡುವಣ ಮೂಲೆಯನ್ನು ನೋಡಿ, "ಓಹೋ, ಬಂದು ಕೂತಾಗಿದೆ" ಅಂದಳು. ಆಮೇಲೆ ಮದೂನ್ ಕಡೆ ತಿರುಗಿದಳು. "ಏನಪ್ಪಾ ಹಾಜಿ, ಮನೆ ಬಾಗಿಲಲ್ಲಿ ನೆಂಟ್ರನ್ನ ನಿಲ್ಲಿಸಿ ಊಟ ಮಾಡೋದು ನಿಮ್ ಪೇಯ್ ಮನೆತನದ ಹಳೇ ಚಾಳಿ ಅಲ್ವಾ?"

"ನಿಮ್ ಮನೆತನದವರು ಮೂರು ಬೀದಿ ಆಚೆ ಮೀನಿನ ಅನ್ನ ಬೆಂದ್ರೆ ಚಮಚ ಹಿಡ್ಕೊಂಡು ಬರೋರು. ನಿಲ್ಲಿಸ್ದೆ ಏನು ಮಾಡೋದು?" ಎಂದ ಮದೂನ್. ಹಳೇ ಮನೆತನಗಳ ನಡುವಿನ ಈ ಕೀಟಲೆ ಎಷ್ಟೋ ತಲೆಮಾರಿನದು. ಆದರೆ ಈ ಸಲ ಅವನ ಮುಖದಲ್ಲಿ ನಗೆಯಿರಲಿಲ್ಲ.

ಸೆಲ್ಬೆ ಅಜ್ಜಿ ದಾಬಾಳ ಅಂಗೈ ಹಿಡಿದು ನೋಡಿದಳು, ಸಜ್ಜೆ ಕಾಳನ್ನು ಅವಳ ತಲೆಯಿಂದ ಪಾದದವರೆಗೆ ಸುರಿದಳು. "ಇವಳಿಗೇನೂ ಆಗಿಲ್ಲ. ದಾರಿ ತಪ್ಪಿದೋರು ತೆರೆದ ಬಾಗಿಲು ಹುಡುಕ್ತಾರೆ. ಬಸುರಿ ಅಂದ್ರೆ ತೆರೆದ ಬಾಗಿಲು. ಮಡಕೆ ಬೇಕು. ಅವರು ಕೂತಿದ್ದ ಮಡಕೆ."

"ಮಡಕೆ ಕಡಲಲ್ಲಿದೆ ಅಜ್ಜಿ" ಎಂದಳು ಯಾಂದೆ.

"ಹಾಗಾದ್ರೆ ಕಡಲಿಂದ ತನ್ನಿ. ಹೊಸ ಮಡಕೆ ಕೊಟ್ರೆ ಅವರು ಕೂರಲ್ಲ. ನೀನು ಬೇರೆಯವರ ಹಾಸಿಗೇಲಿ ಮಲಗ್ತೀಯಾ?"

ಮದೂನ್ ಎದ್ದು ಒಳಗೆ ಹೋದ. ನಮಾಜಿನ ಚಾಪೆ ಕೊಡವುವ ಸದ್ದು ಕೇಳಿತು.

ಒಂದು ವಾರ ಯಾರೂ ಏನೂ ಮಾಡಲಿಲ್ಲ. ದಾಬಾಳನ್ನು ಒಬ್ಬಳೇ ಬಿಡದೆ ಕಾದರು. ಹಗಲು ಅವಳು ಮಲಗಿದಾಗ ಯಾಂದೆ ಅವಳ ಉಡುಗೆಯ ಅಂಚನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಂಡು ಕೂರುತ್ತಿದ್ದಳು. ನಿದ್ದೆಯಲ್ಲಿ ದಾಬಾಳ ತುಟಿ ಅಲ್ಲಾಡುತ್ತಿತ್ತು.

ಕಡಲು ದೂರಕ್ಕೆ ಹಿಂದೆ ಸರಿಯುವ ಅಮಾವಾಸ್ಯೆಯ ಇಳಿತ ಬಂತು. ಬೆಳಗಿನ ಬಾಂಗ್ ಕೂಗಿ ಬೇಗ ಮರಳುತ್ತಿದ್ದ ಮದೂನ್ ಅವತ್ತು ಬಿಸಿಲೇರಿದರೂ ಬರಲಿಲ್ಲ. ಕೊನೆಗೆ ಬಂದಾಗ ಷರಾಯಿ ತೊಡೆಯವರೆಗೆ ಮಡಚಿತ್ತು, ಅಂಗಾಲಲ್ಲಿ ಚಿಪ್ಪು ಕುಯ್ದು ರಕ್ತ ಒಣಗಿತ್ತು. ಹೆಗಲ ಮೇಲೆ, ತಲೆಗೆ ಸುತ್ತುವ ಬಿಳಿ ವಸ್ತ್ರದಲ್ಲಿ ಕಟ್ಟಿದ ಗಂಟು. ಅದನ್ನು ತಂಗಿಯ ಮುಂದೆ ಇಳಿಸಿದ. ಒಳಗೆ ಪಾಚಿ ಹತ್ತಿದ ಒಂದು ಮಣ್ಣಿನ ಮಡಕೆ.

ಯಾಂದೆ ಮಡಕೆಯಿಂದ ಕಣ್ಣೆತ್ತಿ ಅಣ್ಣನ ಮುಖ ನೋಡಿದಳು.

"ಹಾಗೆಲ್ಲ ನೋಡಬೇಡ" ಎಂದ ಮದೂನ್. "ನಾನು ತಂದಿದ್ದು ಮಡಕೆ. ಮಡಕೆ ತರೋದು ಯಾವ ಕಿತಾಬಲ್ಲೂ ಪಾಪ ಅಂತ ಬರೆದಿಲ್ಲ."

"ಅಣ್ಣಾ, ಅವತ್ತು ನೀರಲ್ಲಿ ಏನು ಕೇಳಿಸ್ತು ನಿನಗೆ?"

ಅವನು ಬಾವಿಕಟ್ಟೆಯಂತಿದ್ದ ನಲ್ಲಿಯ ಕಟ್ಟೆಯ ಮೇಲೆ ಕೂತು ಕಾಲು ತೊಳೆದುಕೊಂಡ. ತುಂಬ ಹೊತ್ತು ತೊಳೆದ. "ಅವಳು ಒಬ್ಬಳೇ ಮಾತಾಡ್ತಿರ್ಲಿಲ್ಲ" ಎಂದ. ಅದಕ್ಕಿಂತ ಹೆಚ್ಚು ಆ ವಿಷಯವನ್ನು ಅವನು ಬದುಕಿರುವವರೆಗೆ ಎಂದೂ ಹೇಳಲಿಲ್ಲ.

ಮಡಕೆಯ ಪಾಚಿ ತೊಳೆಯುವಾಗ ಯಾಂದೆಯ ಬೆರಳು ಅದರ ಅಂಚಿನ ಸುತ್ತ ಹರಿಯಿತು. ಸೀರಜ್ಜಿಯ ನೀರಿನ ಮಡಕೆಯ ಅಂಚು ಒಂದು ಕಡೆ ಒಡೆದು ಚಕ್ಕೆ ಎದ್ದಿತ್ತು. ತಾಯಿಯ ಕಾಲದಿಂದಲೂ ಎದ್ದಿತ್ತು. ಈ ಅಂಚು ಗುಂಡಗೆ, ಪೂರ್ತಿಯಾಗಿತ್ತು. ಅವಳ ಕೈ ನಿಂತಿತು. ಉಪ್ಪುನೀರು, ಮರಳು, ಕಲ್ಲು ಉಜ್ಜಿ ಸವೆಸಿರಬಹುದು ಎಂದುಕೊಂಡಳು. ಸವೆದರೆ ಚಕ್ಕೆ ತುಂಬಿಕೊಳ್ಳುತ್ತದೆಯೇ ಎಂದು ಅವಳ ಮನಸ್ಸೇ ಕೇಳಿತು. ಮನಸ್ಸಿಗೆ ಸುಮ್ಮನಿರು ಎಂದು ಹೇಳಿ ತೊಳೆಯುತ್ತ ಹೋದಳು.

ಸೇವೆಯ ದಿನ ಮಧ್ಯಾಹ್ನ ದಾಟುತ್ತಿದ್ದಂತೆ ನಗಾರಿಯವರು ಬಂದರು. ಹಳೇ ಕೇರಿಯಿಂದ ಚದುರಿಹೋಗಿದ್ದ ಹೆಂಗಸರೆಲ್ಲ, ಯಾರು ಹೇಳಿಕಳಿಸಿದರೋ, ವ್ಯಾನು ವ್ಯಾನು ತುಂಬ ಬಂದು ಅಂಗಳದ ಸುತ್ತ ಕೂತರು. ಮದೂನ್ ಮಸೀದಿಗೆ ಹೋಗಿದ್ದ. ಮೇಕೆಯನ್ನು ಮಾತ್ರ ತಾನೇ ಕೊಂಡು ತಂದು ಗೇಟಿಗೆ ಕಟ್ಟಿ ಹೋಗಿದ್ದ.

"ಬಸುರಿಯ ಮೇಲೆ ಬಟ್ಟೆ ಹೊದಿಸಲ್ಲ" ಎಂದಳು ಸೆಲ್ಬೆ ಅಜ್ಜಿ. "ಮೊಸರು ಇಟ್ಟ ಕೈ ಯಾವುದೋ ಅದು ಮಲಗ್ಲಿ. ಯಾಂದೆ, ಬಾ."

ಯಾಂದೆ ಚಾಪೆಯ ಮೇಲೆ ಮಲಗಿದಳು. ಪಕ್ಕದಲ್ಲಿ ಮೇಕೆಯನ್ನು ಮಲಗಿಸಿ ಇಬ್ಬರ ಮೇಲೂ ಬಿಳಿ ಬಟ್ಟೆ, ಅದರ ಮೇಲೆ ಇನ್ನೊಂದು, ಇನ್ನೊಂದು ಹೊದಿಸಿದರು. ಬೆಳಕು ಹೋಯಿತು. ಮೇಕೆಯ ಎದೆ ಅವಳ ಬೆನ್ನಿಗೆ ಒತ್ತಿ ಡವಡವ ಬಡಿದುಕೊಳ್ಳುತ್ತಿತ್ತು. ಬಟ್ಟೆಯ ಹೊರಗೆ ಹೆಂಗಸರು ಸುತ್ತುತ್ತ ಹಾಡಿದರು. ಇದು ಸಾವು, ಹೊದಿಕೆ ತೆಗೆದಾಗ ಹುಟ್ಟು ಎಂದು ಅವಳಿಗೆ ಗೊತ್ತಿತ್ತು. ತಾಯಿ ಹೀಗೇ ಮಲಗಿದ್ದನ್ನು ಅವಳು ನೋಡಿದ್ದಳು. ಸೀರಜ್ಜಿಯ ಹೆಸರು ಬಂದಾಗ ತಾಯಿಯ ಸೊಂಟ ಮೆಲ್ಲನೆ, ನೀರು ಹೊತ್ತ ಹೆಂಗಸಿನ ಹಾಗೆ, ತೂಗಾಡಿದ್ದನ್ನೂ ನೋಡಿದ್ದಳು. ತನಗೂ ಹಾಗೇ ಆಗುತ್ತದೆಂದು ಕಾದಳು.

ಹೊದಿಕೆ ತೆಗೆದು ಅವಳನ್ನು ಎಬ್ಬಿಸಿ ಕೂರಿಸಿದರು. ನಗಾರಿಯವರು ಒಬ್ಬೊಬ್ಬ ರಾಬ್‌ನ ತಾಳದ ಗತ್ತನ್ನು ಬಾರಿಸಿದಂತೆಲ್ಲ ಸೆಲ್ಬೆ ಅಜ್ಜಿ ಹೆಸರು ಹಿಡಿದು ಕರೆಯುತ್ತ ಹೋದಳು. ಊರ ದೊಡ್ಡ ರಾಬ್‌ಗಳು, ಬಂದರಿನವರು, ಬಾವಿಯವರು. ಯಾಂದೆ ಕಣ್ಣು ಮುಚ್ಚಿ ಕೂತಿದ್ದಳು. ಆಮೇಲೆ ನಗಾರಿ ಮೆದುವಾಯಿತು, ಆ ಪರಿಚಿತ ಗತ್ತು ಬಂತು.

"ಸೀರಾ! ಪೇಯ್ ಮನೆಯ ಸೀರಾ! ಬಾ ತಾಯಿ, ನಿನ್ ಮಗಳು ಕೂತಿದಾಳೆ!"

ಅವಳ ಮೈಯಲ್ಲಿ ಏನೂ ಅಲುಗಲಿಲ್ಲ. ನಗಾರಿ ಮತ್ತೆ ಮೊಳಗಿತು. ಹೆಂಗಸರು ಮತ್ತೆ ಹಾಡಿದರು. ಯಾಂದೆ ಒಳಗೊಳಗೇ ಬೇಡಿಕೊಂಡಳು, ಒಂದು ಸಲ, ಒಂದೇ ಸಲ. ಅವಳ ಮೈ ಖಾಲಿ ಮನೆಯ ಹಾಗೆ ಸದ್ದಿಲ್ಲದೆ ಇತ್ತು. ಕೂತಿದ್ದ ಹೆಂಗಸರ ಹಾಡು ಒಂದೊಂದು ಕಡೆ ನಿಂತಿತು. ಯಾಂದೆಯ ಕಣ್ಣಿನಿಂದ ನೀರು ಇಳಿದು ಗದ್ದಕ್ಕೆ ಬಂತು.

ಸೆಲ್ಬೆ ಅಜ್ಜಿ ಕೈಯೆತ್ತಿದಳು. ಆ ಮಡಕೆಯ ಹತ್ತಿರ ಹೋಗಿ, ಬಗ್ಗಿ, ಅದಕ್ಕೆ ಕಿವಿಯಿಟ್ಟಳು. ನಗಾರಿಯವರ ಕಡೆ ತಿರುಗಿ ಏನೋ ಹೇಳಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಗತ್ತನ್ನು ಬಾರಿಸಿ ಬಹಳ ಕಾಲವಾಗಿತ್ತು. ನಿಧಾನವಾಗಿ ಶುರುವಾಯಿತು: ಒಂದು ದೊಡ್ಡ ಪೆಟ್ಟು, ಒಂದು ಎಳೆತ, ಒಂದು ದೊಡ್ಡ ಪೆಟ್ಟು, ಒಂದು ಎಳೆತ.

ಯಾಂದೆಯ ಎರಡು ಕೈಯೂ ತಾವಾಗಿ ಎದ್ದವು. ಮುಷ್ಟಿ ಬಿಗಿಯಿತು. ಅವಳು ಹುಟ್ಟು ಹಾಕತೊಡಗಿದಳು. ಜೀವಮಾನದಲ್ಲಿ ಹುಟ್ಟು ಹಿಡಿಯದ ಹೆಂಗಸು, ಬೆನ್ನು ಬಗ್ಗಿಸಿ, ಹಲ್ಲು ಕಚ್ಚಿ, ಭಾರವಾದ ದೋಣಿಯನ್ನು ಎದುರುನೀರಿನಲ್ಲಿ ತಳ್ಳುವ ಗಂಡಸಿನ ಹಾಗೆ ಮೈ ಹಿಂದೆ ಮುಂದೆ ಎಸೆದಳು. ಗಂಟಲಿನಿಂದ ಹೊರಟದ್ದು ಅವಳ ದನಿಯಲ್ಲ. ಬಾಯಲ್ಲಿ ಉಪ್ಪುನೀರು ತುಂಬಿದಂತಾಗಿ ಉಸಿರು ಕಟ್ಟಿತು. ಆ ಉಸಿರು ಕಟ್ಟಿದ ಕತ್ತಲಿನೊಳಗೆ ಅವಳಿಗೆ ತಗ್ಗು ಗೋಡೆ ಕಂಡಿತು, ಗೋಡೆಯಾಚೆಗೆ ಬಟ್ಟಲು ಚಾಚಿದ ತನ್ನದೇ ಕೈ ಕಂಡಿತು. ಆಗ ಅವಳಿಗೆ ತಿಳಿಯಿತು.

"ಮಸಾಂಬಾ!" ಎಂದು ಕೂಗಿದಳು ಸೆಲ್ಬೆ ಅಜ್ಜಿ. "ಎನ್‌ದೋಯ್ ಮನೆಯ ಮಸಾಂಬಾ! ನೀನೇನಪ್ಪಾ!"

ಅಂಗಳದಲ್ಲಿ ಕೂತಿದ್ದ ಹೆಂಗಸರ ಬಾಯಿಂದ ಒಂದೇ ಸಲಕ್ಕೆ ಉಸಿರು ಹೊರಬಿತ್ತು. ಯಾರೋ "ಕೊದುವಿನವನು" ಎಂದು ಅತ್ತರು.

ಮೈಮೇಲಿನ ಆವೇಶ ಇಳಿದು ಯಾಂದೆ ಚಾಪೆಯ ಮೇಲೆ ಒರಗಿದಾಗ ಸೆಲ್ಬೆ ಅಜ್ಜಿ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

"ಕೇಳು ಮಗಳೇ. ಇವನು ನಿಮ್ ಮನೆಯವನಲ್ಲ. ಇವನ ಮನೆಯೋರು ಒಬ್ರೂ ಉಳಿದಿಲ್ಲ. ಕೊನೇಲಿ ಮೊಸರು ಹಾಕಿದ್ದು ನೀನು. ಅದಕ್ಕೇ ಆ ಕೈ ವಾಸನೆ ಹಿಡಿದು ಬಂದಿದಾನೆ. ಇಟ್ಕೋತೀಯೋ, ವಾಪಸ್ ಕಳಿಸ್ಲೋ?"

"ಎಲ್ಲಿಗೆ ಕಳಿಸ್ತೀರಿ?"

"ಅವನ ಜನ ಎಲ್ಲಿದಾರೋ ಅಲ್ಲಿಗೆ."

ಯಾಂದೆ ಆ ಜನ ಎಲ್ಲಿದ್ದಾರೆಂದು ಯೋಚಿಸಿದಳು. ಕೊದುವಿನ ಗಂಡುಮಕ್ಕಳು ಕೂತಿದ್ದ ದೋಣಿಯನ್ನು, ಅದರಡಿಯ ಆಳವನ್ನು ಯೋಚಿಸಿದಳು. ಇವನು ಅವರ ಹಿಂದೆಯೇ ಹುಟ್ಟು ಹಾಕಿಕೊಂಡು ಎಷ್ಟು ದೂರ ಹೋಗಿದ್ದನೋ, ಯಾರನ್ನು ಹಿಡಿಯಲಾರದೆ ಮರಳಿದ್ದನೋ.

"ಇರ್ಲಿ ಅಜ್ಜಿ" ಎಂದಳು. "ಅವಳು ಎಲ್ಲಿ? ನಮ್ ಸೀರಜ್ಜಿ?"

ಸೆಲ್ಬೆ ಅಜ್ಜಿ ಕೋಲಾ ಕಾಯಿಯನ್ನು ಬಾಯಲ್ಲಿ ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದಳು. "ನಂಗೊತ್ತಿಲ್ಲ ಕಣಮ್ಮ. ಕರೆದ್ರೆ ಬರ್ಲಿಲ್ಲ. ಕೋಪ ಇದ್ದಿದ್ರೆ ಬಂದು ಹೊಡೀತಿದ್ಲು. ಕೋಪಾನೂ ಇಲ್ಲ."

ಮೇಕೆ ಬಿತ್ತು. ಪಡುವಣ ಮೂಲೆಯಲ್ಲಿ ಮಡಕೆಯನ್ನು ಹೂತು, ಬೇರು ನೆನೆಸಿ, ರಕ್ತ ಎರೆದು, ಮೊಸರು ಇಟ್ಟರು. ನೀರು ಸಿಹಿಯಾಯಿತು. ಕುರಿಗಳು ಆ ಮೂಲೆಯ ನೆರಳಿಗೆ ಹೋಗಿ ಮಲಗಿದವು. ದಾಬಾ ಯಂತ್ರದ ಮೇಲೆ ಕಾಲು ಆಡಿಸುವ ಸದ್ದು ಮತ್ತೆ ಕೇಳತೊಡಗಿತು. ಹೆಣ್ಣುಮಗು ಹುಟ್ಟಿತು. ಹೆಸರಿಡುವ ದಿನ ಮಗುವಿನ ಕಿವಿಯಲ್ಲಿ ಬಾಂಗ್ ಹೇಳಿ ಹೆಸರು ಉಸುರುವವನು ಮದೂನ್. ಯಾಂದೆ ತಾಯಿಯ ಹೆಸರಾದ ಅರಾಮೆ ಎಂದು ಹೇಳಿಕೊಟ್ಟಿದ್ದಳು. ಅವನು ಮಗುವನ್ನು ಎತ್ತಿಕೊಂಡು, ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ "ಕೊದು" ಎಂದ. ದಾಬಾ ಅತ್ತೆಯ ಕಡೆ ನೋಡಿದಳು. ಯಾಂದೆ ಸರಿ ಎಂದು ತಲೆಯಾಡಿಸಿದಳು. ಮಸಾಂಬಾನ ಮನೆಯವರು ಒಬ್ಬರಾದರೂ ಇರಲಿ.

ಆದರೂ ಯಾಂದೆಗೆ ಎದೆ ಹಗುರವಾಗಲಿಲ್ಲ. ಪರರ ಮನೆಯವನು ಅಂಗಳದಲ್ಲಿ ತೃಪ್ತನಾಗಿ ಕೂತಿದ್ದ. ಅವಳ ಮೈಯ ಮೇಲೆ ವರ್ಷಕ್ಕೊಮ್ಮೆ ಬರುತ್ತಿದ್ದ, ಹುಟ್ಟು ಹಾಕುತ್ತಿದ್ದ, ಮಗುವನ್ನು ಕಾಯುತ್ತಿದ್ದ. ಅವನು ಹೆದರಿಸುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಹೆದರಿಸುತ್ತಿದ್ದದ್ದು ಮತ್ತೊಂದು. ಅವಳ ತಾಯಿ, ತಾಯಿಯ ತಾಯಿ, ಅವಳ ತಾಯಿ ಇವರೆಲ್ಲರ ಕೈಯಿಂದ ಉಂಡ ಸೀರಜ್ಜಿ ಒಂದು ಸಲವೂ ಕರೆಯಲಿಲ್ಲ. ಕನಸಿಗೂ ಬರಲಿಲ್ಲ. ನಡೆದು ಬರುವಷ್ಟು ಹತ್ತಿರವಿದ್ದೂ ಬರಲಿಲ್ಲವೋ, ಬರಲಾರದಷ್ಟು ದೂರ ಹೋದಳೋ, ಅಥವಾ ಬೇವಿನ ಮರದ ಜೊತೆ ಅವಳೂ ಮುಗಿದಳೋ. ರಾಬ್‌ಗಳು ಸಾಯುತ್ತಾರೆಯೇ ಎಂದು ಯಾಂದೆ ಒಮ್ಮೆ ಸೆಲ್ಬೆ ಅಜ್ಜಿಯನ್ನು ಕೇಳಿದಾಗ ಆ ಮುದುಕಿ ಮೊದಲ ಸಲ ಕೀಟಲೆ ಮಾಡದೆ ಬೇರೆ ಕಡೆ ಮುಖ ತಿರುಗಿಸಿದಳು.

ಮದೂನ್ ಸತ್ತ ಮೇಲೂ, ಮೊಣಕಾಲು ಸೋತ ಮೇಲೂ, ಯಾಂದೆ ಗುರುವಾರದ ಸಂಜೆ ಮಗನ ವ್ಯಾನಿನಲ್ಲಿ ಹಳೇ ಕೇರಿಗೆ ಹೋಗುವುದನ್ನು ಬಿಡಲಿಲ್ಲ. ಈಗ ಅಲ್ಲಿ ಮನೆಗಳಿಲ್ಲ, ಒಂದಷ್ಟು ಗೋಡೆಯ ತುಂಡು, ನೀರು. ನೀರಿನಂಚಿಗೆ ಇನ್ನೂ ಕೆಲವು ಹೆಂಗಸರು ಬಂದಿರುತ್ತಾರೆ. ಸೆರಗಿನ ಮರೆಯಲ್ಲಿ ಬಟ್ಟಲು ಹಿಡಿದು, ತಮ್ಮ ತಮ್ಮ ಮನೆಯಿದ್ದ ಜಾಗದ ಎದುರು ದೂರ ದೂರ ನಿಂತಿರುತ್ತಾರೆ. ಒಬ್ಬರನ್ನೊಬ್ಬರು ನೋಡುವುದಿಲ್ಲ. ಮೊಸರು ಸುರಿದ ಮೇಲೆ ಬಟ್ಟಲನ್ನು ಕಡಲ ನೀರಿನಲ್ಲಿ ತೊಳೆದು ಸ್ವಲ್ಪ ಹೊತ್ತು ಕಿವಿಗೊಟ್ಟು ಕಾಯುತ್ತಾರೆ. ಮುಸ್ಸಂಜೆಯ ಮಗ್ರಿಬ್ ಬಾಂಗ್ ಆಗುತ್ತಿದ್ದಂತೆ ರಸ್ತೆಗೆ ಬಂದು ಒಂದೇ ವ್ಯಾನು ಹತ್ತುತ್ತಾರೆ. ಮೀನಿನ ಬೆಲೆ, ಸೊಸೆಯರ ಸೋಮಾರಿತನ, ಮೊಮ್ಮಕ್ಕಳ ಜ್ವರ ಎಲ್ಲ ಮಾತಾಡುತ್ತಾರೆ. ಯಾರಿಗಾದರೂ ಉತ್ತರ ಬಂತೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.